ಮೇನ್ಸ್ ಫಲಿತಾಂಶ ಬರುವ ತನಕ ಓದುವ ಮನಸ್ಸೇ ಇಲ್ಲ ಅಂದವರಿಗೆ

ಬೇಸರಕ್ಕೆ ಕಾರಣ ಬಹುಶಃ ಇದು: ನೀವೆಷ್ಟು ಬೆಳೆದಿದ್ದೀರಿ ಅಂತ ಅಳೆಯುವ ಕೆಲಸವನ್ನು ಪೂರ್ತಿ ಲೋಕಸೇವಾ ಆಯೋಗದ (ಕೆಪಿಎಸ್‌ಸಿ) ಫಲಿತಾಂಶದ ಪಟ್ಟಿಗೆ ಬಿಟ್ಟಿದ್ದೀರಿ. ಕೆಎಎಸ್ (ರಾಜ್ಯ ಆಡಳಿತ ಸೇವೆ) ಮೇನ್ಸ್, ಅಂದರೆ ಮುಖ್ಯ ಪರೀಕ್ಷೆ, ಬರೆದು ತಿಂಗಳುಗಳಾದವು, ಪಟ್ಟಿ ಬಂದಿಲ್ಲ, ಹಾಗಾಗಿ ಓದಿದ್ದೆಲ್ಲ ವ್ಯರ್ಥ ಅನಿಸುತ್ತಿದೆ, ಅಲ್ವಾ?

ಮೊದಲು ತಯಾರಿಯ ಶುರುವಿನಲ್ಲಿ ಬರೆದ ಟೆಸ್ಟ್ ಉತ್ತರಪತ್ರಿಕೆ ಹುಡುಕಿ. ಅದರಿಂದ ಒಂದು ಪ್ರಶ್ನೆ, ಉದಾಹರಣೆಗೆ ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿಯದ್ದು, ಆರಿಸಿಕೊಂಡು ಹಳೆ ಉತ್ತರ ನೋಡದೆ ಅಷ್ಟೇ ಸಮಯದಲ್ಲಿ ಇವತ್ತು ಮತ್ತೆ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಕೇಳಿದ್ದಕ್ಕೆ ನೇರ ಉತ್ತರ ಇದೆಯಾ, ಪಂಚಾಯಿತಿಗಳ ಅಧಿಕಾರದ 243ಜಿ ವಿಧಿ, ಅವುಗಳಿಗೆ ವಹಿಸಬಹುದಾದ 11ನೇ ಅನುಸೂಚಿಯ 29 ವಿಷಯಗಳು ತಾವಾಗಿ ನೆನಪಿಗೆ ಬಂದವಾ, ಅಧಿಕಾರ ಕೊಟ್ಟರೂ ಪಂಚಾಯಿತಿಗೆ ಹಣ ಯಾಕೆ ಸಾಲುತ್ತಿಲ್ಲ ಅಂತ ನಿಮ್ಮದೇ ಮಾತಲ್ಲಿ ವಿವರಿಸಿದ್ದೀರಾ? ಈ ವ್ಯತ್ಯಾಸ ನಿಮ್ಮದು, ಯಾವ ಪಟ್ಟಿಯೂ ಅದನ್ನು ಕಿತ್ತುಕೊಳ್ಳಲ್ಲ. ಎಲ್ಲಿ ವ್ಯತ್ಯಾಸ ಕಾಣಲಿಲ್ಲವೋ ಅದೇ ಮುಂದಿನ ವಾರದ ಓದು.

ಎರಡನೆಯದು, ಆಯೋಗದ ವೆಬ್‌ಸೈಟ್ ವಾರಕ್ಕೊಮ್ಮೆ ನೋಡಿದರೆ ಸಾಕು. ಟೆಲಿಗ್ರಾಂ ಗುಂಪುಗಳನ್ನು ಮ್ಯೂಟ್ ಮಾಡಿ, ಅಲ್ಲಿನ ಗಾಳಿಸುದ್ದಿ ಸುಮ್ನೆ ನಿದ್ದೆ ಕೆಡಿಸುತ್ತದೆ.

ಪಟ್ಟಿಯಲ್ಲಿ ಹೆಸರು ಇರುತ್ತದಾ ಅಂತ ಯಾರೂ ಹೇಳಲಾರರು. ಅದಕ್ಕೇ ಹೆಸರು ಬಂದರೂ ಬರದಿದ್ದರೂ ಕೆಲಸಕ್ಕೆ ಬರುವುದನ್ನೇ ಓದಿ: ಪಂಚಾಯತ್ ರಾಜ್ ಓದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೂ ಆಗುತ್ತದೆ, ಕೆಎಎಸ್ ಸಂದರ್ಶನಕ್ಕೂ ಆಗುತ್ತದೆ. ಮನೆಯಲ್ಲಿ ದುಡ್ಡಿನ ಒತ್ತಡ ಜಾಸ್ತಿ ಇದ್ದರೆ ಅರ್ಧ ದಿನದ ಪಾಠ ಹೇಳುವ ಕೆಲಸ ಹಿಡಿಯಿರಿ. ಇನ್ನೊಬ್ಬರಿಗೆ ವಿವರಿಸುವಾಗ ನಿಮಗೆಷ್ಟು ಗೊತ್ತು ಅಂತ ಅಲ್ಲೇ ಗೊತ್ತಾಗುತ್ತದೆ. ಹಳೆ ಉತ್ತರಪತ್ರಿಕೆ ಇವತ್ತೇ ತೆಗೆಯಿರಿ.