ಬರಕ್ಕೆ ಸಿಕ್ಕಿ ಗುಳೆ ಹೋಗುವ ಕುಟುಂಬಗಳಿಗೆ ಊರಿನವರು ಏನು ಮಾಡಬಹುದು?

ಮಳೆ ಕೈಕೊಟ್ಟಾಗಲೆಲ್ಲ ಜಗಳೂರು ಕಡೆಯ ನಿಮ್ಮ ಊರಿನಲ್ಲಿ ಅರ್ಧ ಕೇರಿಗೆ ಬೀಗ ಬೀಳುತ್ತದೆ, ಈ ಗುಳೆ ನಿಲ್ಲಿಸಲು ನಮ್ಮ ಯುವಕ ಸಂಘ ಏನು ಮಾಡಬಹುದು ಎಂದು ಕೇಳಿದ್ದೀರಿ. ನಾನು ಚಳ್ಳಕೆರೆ ತಾಲ್ಲೂಕಿನವಳು, ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಬರೆಯುತ್ತೇನೆ. ಯಾವ ಮನೆಯ ಸಾಲ ಎಷ್ಟು, ಯಾರು ಯಾವ ತಿಂಗಳು ಕಂತು ನಿಲ್ಲಿಸಿ ಊರು ಬಿಟ್ಟರು ಎಂಬುದೆಲ್ಲ ನನ್ನ ಕೈಯಿಂದಲೇ ದಾಖಲಾಗುತ್ತದೆ. ಅದನ್ನು ನೋಡಿ ನೋಡಿ ಹೇಳುತ್ತಿದ್ದೇನೆ: ನಿಲ್ಲಿಸುವ ಹಠ ಬಿಡಿ. ಹೋದವರು ಮುಂಗಾರಿಗೆ ಮರಳಿ ಬಂದು ತಮ್ಮ ಹೊಲ ತಾವು ಬಿತ್ತುವಂತಾಗಲು ದುಡಿಯಿರಿ.

ನಮ್ಮ ಸೀಮೆ ಬರ ಕಂಡಿದ್ದೇ. ಈಗ ಮಳೆಯ ಲೆಕ್ಕವೇ ತಪ್ಪಿದೆ. 2022ರಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಮರುವರ್ಷವೇ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು. ಒಂದು ವರ್ಷ ಶೇಂಗಾ ನೆಲದಲ್ಲೇ ಕೊಳೆಯುತ್ತದೆ, ಇನ್ನೊಂದು ವರ್ಷ ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ನಾಪತ್ತೆ. ಸಾಲಾಗಿ ಎರಡು ಬೆಳೆ ಕಳೆದುಕೊಂಡವರಿಗೆ ಊರಲ್ಲೇ ಇರಿ ಎಂದು ಯಾವ ಬಾಯಿಂದ ಹೇಳುವುದು?

ಗುಳೆ ಹೋದವರು ಮರಳಿ ಬಾರದಂತೆ ಕಟ್ಟಿಹಾಕುವುದು ಆಳುಗಳನ್ನು ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಕೊಡುವ ಮುಂಗಡ. ಶೇಂಗಾ ಕೈಗೆ ಹತ್ತಿಲ್ಲ, ಬೀಜ ಗೊಬ್ಬರದ ಅಂಗಡಿಯ ಬಾಕಿ ಹಾಗೇ ಇದೆ, ದೀಪಾವಳಿ ಎದುರಿಗಿದೆ. ಸರಿಯಾಗಿ ಆ ಹೊತ್ತಿಗೆ ಮೇಸ್ತ್ರಿ ಬಾಗಿಲಿಗೆ ಬಂದು ನೋಟು ಎಣಿಸಿ ಕೊಡುತ್ತಾನೆ. ಆಮೇಲೆ ಕಾಫಿ ಸೀಮೆಯಲ್ಲಾಗಲಿ ಬೆಂಗಳೂರಿನ ಕಟ್ಟಡದಲ್ಲಾಗಲಿ ಗಂಡ ಹೆಂಡತಿ ಇಬ್ಬರ ಕೂಲಿಯೂ ಅದಕ್ಕೇ ಜಮೆ. ನಮ್ಮ ಸಂಘದ ಒಬ್ಬ ಅಕ್ಕ ಹೀಗೆ ಹೊರಡುವ ಮುನ್ನ, ನೋಡಿಕೊಳ್ಳುವವರಿಲ್ಲ ಎಂಬ ಒಂದೇ ಕಾರಣಕ್ಕೆ ಕುರಿಗಳನ್ನೆಲ್ಲ ಸಂತೆಯಲ್ಲಿ ಸಿಕ್ಕ ಬೆಲೆಗೆ ಮಾರಿದರು. ಮರುವರ್ಷ ಹದ ಮಳೆ ಬಿದ್ದಾಗ ಬೀಜಕ್ಕೆ ದುಡ್ಡಿಲ್ಲ, ಮಾರಲು ಕುರಿಯಿಲ್ಲ, ಮುಂಗಡವೂ ತೀರಿಲ್ಲ. ಹೊಲ ಬೀಳು ಬಿತ್ತು.

ಈಗ ನಾವು ದಸರಾ ಮುಗಿಯುತ್ತಿದ್ದಂತೆ ಸಭೆ ಕರೆದು ಬೆಳೆ ಹೋದ ಮನೆಗಳನ್ನು ಗುರುತಿಸುತ್ತೇವೆ, ಒಕ್ಕೂಟದಲ್ಲಿ ಸಾಲಕ್ಕೆಂದೇ ಇರುವ ಸಮುದಾಯ ಬಂಡವಾಳ ನಿಧಿಯಿಂದ ಮೊದಲ ಸಾಲ ಅವರಿಗೇ ಕೊಡುತ್ತೇವೆ. ಮೇಸ್ತ್ರಿಗಿಂತ ಮುಂಚೆ ನಾವು ಆ ಬಾಗಿಲಿಗೆ ಹೋಗಿರಬೇಕು. ದೊಡ್ಡ ಮೊತ್ತವೇನಲ್ಲ, ಆದರೆ ಕೈಯಲ್ಲಿ ಅಷ್ಟಿದ್ದರೆ ಮುಂಗಡ ಹಿಡಿಯದೆ ಹೋಗಿ ವಾರದ ಬಟವಾಡೆಯನ್ನು ಗಟ್ಟಿಯಾಗಿ ಕೇಳುವ ಧೈರ್ಯ ಬರುತ್ತದೆ. ಕುರಿಗಳನ್ನು ಊರಲ್ಲಿ ಉಳಿಯುವವರಿಗೆ ಪಾಲಿಗೆ ಬಿಡಿಸುತ್ತೇವೆ. ಹುಟ್ಟುವ ಮರಿಗಳಲ್ಲಿ ಅರ್ಧ ಸಾಕಿದವರಿಗೆ, ತಾಯಿ ಕುರಿ ಒಡೆಯರಿಗೆ. ಪದ್ಧತಿ ಹಳೆಯದೇ, ಪುಸ್ತಕದಲ್ಲಿ ಬರೆದು ಇಬ್ಬರ ಸಹಿ ಹಾಕಿಸುವುದನ್ನು ಮಾತ್ರ ನಾವು ಸೇರಿಸಿದೆವು. ಇನ್ನೊಂದು ಮಾತು: ಮುಂಗಡ ತೀರುವ ತನಕ ಬಿಡುವುದಿಲ್ಲ ಎಂದು ಯಾರನ್ನಾದರೂ ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಆ ಸಾಲವೇ ರದ್ದಾಗುತ್ತದೆ. ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಬರವಣಿಗೆಯಲ್ಲಿ ದೂರು ಕೊಡಬಹುದು. ಹೊರಡುವ ಪ್ರತಿಯೊಬ್ಬರಿಗೂ ಇದನ್ನು ಬಾಯಿಪಾಠ ಮಾಡಿಸಿ ಕಳಿಸಿ.

ಉದ್ಯೋಗ ಖಾತರಿ ಕೆಲಸವನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಕೊಟ್ಟು ದಿನಾಂಕವಿರುವ ಸ್ವೀಕೃತಿ ಪಡೆದರೆ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಕೂಲಿ ಖಾತೆಗೆ ಬೀಳುವುದು ತಡವಾಗುತ್ತದೆ, ನಿಜ. ಅದೊಂದನ್ನೇ ನಂಬಿ ಕೂರಿ ಎಂದು ನಾನು ಯಾರಿಗೂ ಹೇಳಲಾರೆ. ಆದರೂ ಬಾಣಂತಿಯೋ ಹಾಸಿಗೆ ಹಿಡಿದ ಹಿರಿಯರೋ ಇರುವ ಮನೆಯಲ್ಲಿ ಒಬ್ಬರು ಊರಲ್ಲಿ ಉಳಿಯಲು ಅದು ದಾರಿ. ಕೇಳುವಾಗ ಹೊಲದ ಬದು, ಕೃಷಿ ಹೊಂಡ, ಕೆರೆ ಹೂಳೆತ್ತುವ ಕೆಲಸವನ್ನೇ ಕೇಳಿ. ಮುಂದಿನ ಮಳೆಯ ನೀರು ಊರಲ್ಲೇ ನಿಲ್ಲಬೇಕು.

ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಲು ಒಪ್ಪಿಸಿ. ಕರೆದುಕೊಂಡೇ ಹೋಗುವುದಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ನೆನಪಿರಲಿ: ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಬೆಂಗಳೂರಿನ ಒಂದು ಸರ್ಕಾರಿ ಶಾಲೆ ನಮ್ಮೂರ ಹುಡುಗಿಯನ್ನು ಇದೇ ಕಾರಣಕ್ಕೆ ವಾಪಸ್ ಕಳಿಸಿತ್ತು. ಕಲಮಿನ ಪ್ರತಿಯನ್ನು ಅವಳ ತಾಯಿಯ ಮೊಬೈಲ್‌ಗೆ ಕಳಿಸಿದೆ, ತೋರಿಸಿದ ಮೇಲೆ ಸೇರಿಸಿಕೊಂಡರು. ಪಡಿತರವನ್ನು ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಪಡೆಯಬಹುದು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ, ಅದನ್ನೂ ಹೇಳಿ.

ನಿಮ್ಮ ಸಂಘ ನಾಳೆಯೇ ಶುರುಮಾಡಬಹುದಾದ ಕೆಲಸ ಒಂದಿದೆ. ಒಂದು ನೋಟ್‌ಬುಕ್ ಇಟ್ಟು, ಹೊರಡುವ ಪ್ರತಿ ಮನೆಯಿಂದ ಮೇಸ್ತ್ರಿಯ ಹೆಸರು, ಮೊಬೈಲ್ ನಂಬರ್, ಕೆಲಸದ ಜಾಗದ ವಿಳಾಸ, ಹಿಡಿದ ಮುಂಗಡ ಇಷ್ಟನ್ನು ಬರೆದುಕೊಳ್ಳಿ. ಕಟ್ಟಡದ ಮೇಲಿಂದ ಒಬ್ಬರು ಬಿದ್ದರು ಎಂದು ರಾತ್ರಿ ಫೋನ್ ಬಂದಾಗ ಯಾವ ಆಸ್ಪತ್ರೆಗೆ, ಯಾವ ಪೊಲೀಸ್ ಠಾಣೆಗೆ ಹೋಗಬೇಕು ಎಂದು ಊರಿನವರಿಗೆ ಅದರಿಂದಲೇ ತಿಳಿಯುವುದು.