ಹಳೆ ಬಾವೊಫೆಂಗ್ ವಾಕಿಟಾಕಿ ‘ರೇಡಿಯೋ ಡಿಡ್ ನಾಟ್ ರೆಸ್ಪಾಂಡ್’ ಅನ್ನುತ್ತಿದೆ. ಸೆಟ್ ಹಾಳಾಗಿದೆಯಾ?

ನೀವು ಬರೆದದ್ದು ಇಷ್ಟು: ಜಮಖಂಡಿಯಲ್ಲಿದ್ದೀರಿ, ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಈಗಷ್ಟೇ ಕೈಗೆ ಬಂದಿದೆ, ಸೆಕೆಂಡ್ ಹ್ಯಾಂಡ್ ಬಾವೊಫೆಂಗ್ ಯುವಿ-5ಆರ್ ಸೆಟ್ ಕೊಂಡಿದ್ದೀರಿ. ಸೆಟ್ಟಿಗೆ ಚಾನೆಲ್ ತುಂಬುವ ಚಿರ್ಪ್ ಸಾಫ್ಟ್‌ವೇರ್‌ನಲ್ಲಿ, ಸೆಟ್ಟಿನಲ್ಲಿರುವುದನ್ನು ಓದಿಕೊಳ್ಳಲು ಡೌನ್‌ಲೋಡ್ ಒತ್ತಿದರೆ ಈ ಎರರ್. ಸೆಟ್ಟಿನಲ್ಲಿ ಎಫ್‌ಎಂ ಮಾತ್ರ ಚೆನ್ನಾಗಿ ಕೇಳುತ್ತದೆ.

ಹಾಗಾದರೆ ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ. ಬೆಳಗಾವಿಯಲ್ಲಿ ನನ್ನ ಟೇಬಲ್‌ಗೆ ಇದೇ ದೂರಿನೊಂದಿಗೆ ಬರುವ ಸೆಟ್‌ಗಳಲ್ಲಿ ಹೆಚ್ಚಿನವು ಸರಿಯಾಗೇ ಇರುತ್ತವೆ. ತಂಟೆ ಸೆಟ್ಟನ್ನು ಕಂಪ್ಯೂಟರ್‌ಗೆ ಜೋಡಿಸುವ ಕೇಬಲ್‌ದು.

ಮೊದಲು ಸೆಟ್ಟನ್ನು ಪಕ್ಕಕ್ಕಿಡಿ. ಕೇಬಲ್ ಒಂದನ್ನೇ ಕಂಪ್ಯೂಟರ್‌ಗೆ ಚುಚ್ಚಿ, ಡಿವೈಸ್ ಮ್ಯಾನೇಜರ್ ತೆರೆದು ‘ಪೋರ್ಟ್ಸ್’ ನೋಡಿ. ಕೇಬಲ್ ಕಿತ್ತಾಗ ಮಾಯವಾಗಿ, ಹಾಕಿದಾಗ ಬರುವ ಸಾಲೇ ನಿಮ್ಮದು. ಚಿರ್ಪ್‌ನಲ್ಲೂ ಆ ಸಾಲಿನ ಕಾಮ್ (COM) ನಂಬರನ್ನೇ ಆರಿಸಿರಬೇಕು. ಆ ಸಾಲಿನ ಮೇಲೆ ಹಳದಿ ಗುರುತು ಇದ್ದು, ಒಳಗೆ ‘ಕೋಡ್ 10’ ಅಂತಲೋ, ‘ಪಿಎಲ್2303ಎಚ್‌ಎಕ್ಸ್‌ಎ 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ’ ಅನ್ನುವ ಅರ್ಥದ ಇಂಗ್ಲಿಷ್ ಸಾಲೋ ಇದ್ದರೆ ರೋಗ ಸಿಕ್ಕಿತು ಅಂತ ತಿಳಿಯಿರಿ. ಅಗ್ಗದ ಕೇಬಲ್‌ಗಳಲ್ಲಿ ಪ್ರೊಲಿಫಿಕ್ ಕಂಪನಿಯ ಹಳೆ ಚಿಪ್ಪೋ, ಅದರ ನಕಲೋ ಇರುತ್ತದೆ. ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಹೊಸ ಡ್ರೈವರ್ ಅವುಗಳನ್ನು ಬೇಕಂತಲೇ ಒಪ್ಪುವುದಿಲ್ಲ. ಕಂಪನಿಗೆ ನಕಲಿಯವರ ಮೇಲೆ ಸಿಟ್ಟು, ಪೆಟ್ಟು ನಮಗೆ! ಹಳೆಯ 3.2.0.0 ಡ್ರೈವರ್ ಹಾಕಿ, ‘ಅಪ್‌ಡೇಟ್ ಡ್ರೈವರ್’ಗೆ ಹೋಗಿ, ಪಟ್ಟಿಯಿಂದ ಅದನ್ನೇ ಆರಿಸಿ. ಕೇಬಲ್ಲನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ವಿಂಡೋಸ್ ಮತ್ತೆ ಹೊಸದನ್ನು ತರಬಹುದು. ಈ ಕಿರಿಕಿರಿ ಬೇಡವಾದರೆ ಎಫ್‌ಟಿಡಿಐ ಕಂಪನಿಯ ಚಿಪ್ಪಿನ ಕೇಬಲ್ ತಗೊಳ್ಳಿ. ದುಡ್ಡು ಜಾಸ್ತಿ, ಆದರೆ ನಾನಂತೂ ಅದನ್ನೇ ಹೇಳುತ್ತೇನೆ.

ಡ್ರೈವರ್ ಸರಿ ಇದ್ದೂ ಅದೇ ಎರರ್ ಬಂದರೆ ಪ್ಲಗ್ ನೋಡಿ. ಎರಡು ಪಿನ್ನಿನ ಆ ಪ್ಲಗ್ ಹೊರಗಿನಿಂದ ಪೂರ್ತಿ ಕೂತ ಹಾಗೆ ಕಾಣುತ್ತದೆ, ಆದರೆ ಪ್ಲಾಸ್ಟಿಕ್ ಮೈ ಸೆಟ್ಟಿನ ಅಂಚಿಗೆ ತಾಗಿ ಅರ್ಧಕ್ಕೇ ನಿಂತಿರುತ್ತದೆ. ಸುಲಭದ ಪರೀಕ್ಷೆ ಇದೆ. ಎಫ್‌ಎಂ ಹಚ್ಚಿಟ್ಟು ಪ್ಲಗ್ ಒತ್ತಿ. ಪೂರ್ತಿ ಒಳಗೆ ಹೋದರೆ ಸ್ಪೀಕರ್ ಸದ್ದು ಕಟ್ಟಾಗಬೇಕು. ಕಟ್ಟಾಗದಿದ್ದರೆ ಗಟ್ಟಿಯಾಗಿ ಒತ್ತಿ. ಆಗಲೂ ಹೋಗದಿದ್ದರೆ ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ಕನ್ನು ಬ್ಲೇಡಿನಿಂದ ಕೊಂಚ ಹೆರೆಯಿರಿ. ಬಳಸಿದ ಸೆಟ್ಟಲ್ವಾ, ತೂತಿನೊಳಗೆ ಟಾರ್ಚ್ ಬಿಟ್ಟೂ ನೋಡಿ. ನಮ್ಮ ಬೆಳಗಾವಿ ಮಳೆಗಾಲ ಕಂಡ ಸೆಟ್‌ಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಬ್ಯಾಟರಿ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಲು ಬಿಡಿ.

ಆಮೇಲೆ ಬ್ಯಾಟರಿ ಫುಲ್ ಚಾರ್ಜ್ ಮಾಡಿ, ಸೆಟ್ ಆಫ್ ಇರುವಾಗ ಕೇಬಲ್ ಹಾಕಿ, ಆನ್ ಮಾಡಿ ವಾಲ್ಯೂಮ್ ಏರಿಸಿ, ಡೌನ್‌ಲೋಡ್ ಒತ್ತಿ. ಬಂದ ಫೈಲನ್ನು ಮುಟ್ಟದೆ ಹಾಗೇ ಒಂದು ಕಡೆ ಸೇವ್ ಮಾಡಿ. ಗೆಳೆಯರ ಸೆಟ್ಟಿನ ಫೈಲನ್ನು ನಿಮ್ಮದಕ್ಕೆ ಸುರಿಯಬೇಡಿ. ಫರ್ಮ್‌ವೇರ್ (ಸೆಟ್ಟಿನೊಳಗಿನ ಸಾಫ್ಟ್‌ವೇರ್) ಬೇರೆ ಇದ್ದರೆ ಚಾನೆಲ್‌ಗಳಷ್ಟೇ ಸೆಟ್ಟಿಗೆ ಸೇರಿ, ‘ಅದರ್ ಸೆಟಿಂಗ್ಸ್’ ಕಳಿಸಲಾಗಲಿಲ್ಲ ಅಂತ ಚಿರ್ಪ್ ದೂರುತ್ತದೆ. ಚಾನೆಲ್ ಸಾಲುಗಳನ್ನಷ್ಟೇ ಕಾಪಿ ಮಾಡಿ ನಿಮ್ಮ ಫೈಲಿಗೆ ಅಂಟಿಸಿಕೊಳ್ಳಿ.

ಕಬ್ಬು ಕಡಿಯುವ ಗ್ಯಾಂಗಿನವರಿಗೂ ಒಂದು ಸೆಟ್ ಕೊಡಬಹುದಾ ಅಂತ ಕೊನೆಗೆ ಕೇಳಿದ್ದೀರಿ. ಬೇಡ. ಹ್ಯಾಮ್ ಲೈಸೆನ್ಸ್ ನಿಮ್ಮ ಹೆಸರಿನದು, ದಂಧೆಯ ಮಾತಿಗೆ ಅಲ್ಲ. ಈ ಸೆಟ್ಟಿನಲ್ಲಿ ಹ್ಯಾಮ್‌ಗಳಾದ ನಮಗಿರುವುದು 144ರಿಂದ 146, 434ರಿಂದ 438 ಮೆಗಾಹರ್ಟ್ಸ್. ಹೊಲದ ಕೆಲಸಕ್ಕೆ 446.0ರಿಂದ 446.2 ಮೆಗಾಹರ್ಟ್ಸ್‌ನ, ಲೈಸೆನ್ಸ್ ಬೇಡದ ಕಡಿಮೆ ಪವರ್ ಸೆಟ್‌ಗಳಿವೆ, ಅನುಮೋದನೆ ಇರುವುದನ್ನು ನೋಡಿ ತಗೊಳ್ಳಿ.

ಪ್ರೋಗ್ರಾಮ್ ಆದ ಮೇಲೂ ಹಸಿರು ಲೈಟ್ ಹತ್ತಿ ದನಿ ಬಾರದಿದ್ದರೆ ಗಾಬರಿ ಬೇಡ. ಹಿಂದಿನ ಮಾಲೀಕರು ಹಾಕಿದ ಟೋನ್ ಉಳಿದಿರುತ್ತದೆ, ಅಂದರೆ ಆ ಗುರುತಿನ ದನಿ ಜೊತೆಗಿಲ್ಲದ ಮಾತನ್ನು ಸೆಟ್ ಕೇಳಿಸುವುದಿಲ್ಲ. 11ನೇ ಮೆನು, ಆರ್-ಸಿಟಿಸಿಎಸ್, ಆಫ್ ಮಾಡಿ. 10ನೇದು, ಆರ್-ಡಿಸಿಎಸ್, ಅದನ್ನೂ ನೋಡಿ. ಇಷ್ಟಕ್ಕೇ 40ನೇ ಮೆನುವಿನ ‘ಆಲ್’ ರಿಸೆಟ್ ಒತ್ತಿದರೆ ಚಾನೆಲ್‌ಗಳೆಲ್ಲ ಅಳಿಸಿ, ಸೆಟ್ ಚೀನಿ ಭಾಷೆ ಮಾತಾಡತೊಡಗಬಹುದು. ಒತ್ತಿಯೇ ಬಿಟ್ಟಿದ್ದರೆ 14ನೇ ಮೆನುವಿನಲ್ಲಿ ಇಂಗ್ಲಿಷ್ ಆರಿಸಿ, ಸೇವ್ ಮಾಡಿಟ್ಟ ಫೈಲನ್ನು ವಾಪಸ್ ಹಾಕಿ.