ಅಜ್ಜಿಯ ಅವರೆಕಾಳು, ಬೇಗೂರಿನ ಕಲ್ಲು

ಪ್ರಶ್ನೆ: ಹೊಯ್ಸಳ ದೊರೆ ವೀರಬಲ್ಲಾಳ ಕಾಡಿನಲ್ಲಿ ದಾರಿತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದದ್ದರಿಂದ ‘ಬೆಂದಕಾಳೂರು’, ಅದರಿಂದ ‘ಬೆಂಗಳೂರು’ ಎಂದು ಮಗಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ಅದೆಲ್ಲ ಸುಳ್ಳು ಎಂದು ನಮ್ಮ ಭಾವನವರು ವಾದಿಸುತ್ತಾರೆ. ಮಗಳಿಗೆ ಏನು ಹೇಳಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು, ಆ ಮೇಷ್ಟರ ಮೇಲೆ ಜಗಳಕ್ಕೆ ಹೋಗಬೇಡಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ ನಾನೂ ಅದನ್ನೇ ಹೇಳಿದವಳು, ಅದೂ ಉಪ್ಪುಖಾರ ಹಚ್ಚಿ. ನಾನು ಮಾಗಡಿ ಕಡೆಯವಳು. ನಮ್ಮಜ್ಜಿ ಧನುರ್ಮಾಸದ ಚಳಿಯಲ್ಲಿ ಮೊರದ ತುಂಬ ಸೊಗಡವರೆ ಸುರಿದುಕೊಂಡು ಸುಲಿಯುತ್ತಾ ಈ ಕಥೆ ಹೇಳುತ್ತಿದ್ದರು. ಅವರ ಕಥೆಯಲ್ಲಿ ರಾಜ ತಿಂದದ್ದು ಬರೀ ಕಾಳಲ್ಲ, ಹಿತಕಿದ ಬೇಳೆ ಸಾರು, ಜೊತೆಗೆ ರಾಗಿಮುದ್ದೆ. ನಾನು ತರಗತಿಯಲ್ಲಿ ಮುದ್ದೆಯನ್ನೂ ಬಿಡದೆ ಬಡಿಸಿದ್ದೇನೆ.

ಒಮ್ಮೆ ಮಕ್ಕಳನ್ನು ಬೆಂಗಳೂರು ದಕ್ಷಿಣದ ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲೊಂದು ವೀರಗಲ್ಲಿದೆ. ‘ಬೆಂಗಳೂರ ಕಾಳಗ’ದಲ್ಲಿ ಗಂಗರ ಸಾಮಂತ ನಾಗತ್ತರನ ಮಗ ಬುಟ್ಟಣ ಸತ್ತ ಎಂಬ ಮಾತು ಅದರ ಮೇಲಿದೆ. ನಾವು ಹೋದಾಗ ನಡುಮಧ್ಯಾಹ್ನ. ನೆತ್ತಿಯ ಮೇಲಿನ ಬಿಸಿಲಿಗೆ ಕಲ್ಲು ಬೋಳುಬೋಳಾಗಿ ಕಂಡಿತು, ಒಂದಕ್ಷರವೂ ಕಣ್ಣಿಗೆ ಹತ್ತಲಿಲ್ಲ. ಅಲ್ಲೇ ಇದ್ದ ಹಿರಿಯರೊಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಅಡ್ಡಡ್ಡ ಹಿಡಿದರು. ಅಕ್ಷರದ ಗೀರುಗಳಲ್ಲಿ ನೆರಳು ತುಂಬಿ, ಹಳಗನ್ನಡದ ದುಂಡು ಸಾಲುಗಳು ಮೇಲೆದ್ದವು. ಆ ಲಿಪಿ ನೋಡಿ ವಿದ್ವಾಂಸರು ಕಲ್ಲನ್ನು ಕ್ರಿ.ಶ. 890ರ ಸುಮಾರಿನದು ಎನ್ನುತ್ತಾರೆ, ಗಂಗರ ಕಾಲದ್ದು ಎಂದು ನಾನು ಹೇಳುತ್ತಿದ್ದಂತೆ, ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಆಗ ಬಲ್ಲಾಳ ಹುಟ್ಟಿದ್ನಾ?”

ಹುಟ್ಟಿರಲಿಲ್ಲ. ಕಥೆಯವರು ಸಾಮಾನ್ಯವಾಗಿ ಹೇಳುವ ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಅವನು ಕಾಳು ತಿನ್ನುವ ಹೊತ್ತಿಗೆ ಊರಿಗೆ ಆ ಹೆಸರು ಬಂದು ಸುಮಾರು ಮುನ್ನೂರು ವರ್ಷವಾಗಿತ್ತು! ಬಸ್ಸಿನಲ್ಲಿ ವಾಪಸು ಬರುವಾಗ ಆ ಹುಡುಗಿಯ ಮುಖ ನೋಡಲು ನನಗೆ ಸಂಕೋಚವಾಯಿತು.

ಮಗಳಿಗೆ ಎರಡನ್ನೂ ಹೇಳಿ. ಕಥೆಯನ್ನು ಊಟದ ಹೊತ್ತಿಗೆ, ಕಲ್ಲಿನ ಸಂಗತಿಯನ್ನು ಪಾಠದ ಹೊತ್ತಿಗೆ. ‘ಬೆಂಗ’ ಎಂದರೆ ಹೊನ್ನೆಮರ, ಅದರಿಂದ ಹೆಸರು ಬಂತು ಎನ್ನುವವರೂ ಇದ್ದಾರೆ. ಇರಬಹುದು. ಅದಕ್ಕೆ ನಾನು ಪಂದ್ಯ ಕಟ್ಟುವುದಿಲ್ಲ.

ಪ್ರಶ್ನೆ: ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರ ಕಟ್ಟಿಸಿದವರು ಊರು ಕಟ್ಟಿದ ಕೆಂಪೇಗೌಡರೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅವರಲ್ಲ, ಅವರ ವಂಶದ ಇಮ್ಮಡಿ ಕೆಂಪೇಗೌಡರು ಎನ್ನುವುದೇ ಸಾಮಾನ್ಯ ಅಭಿಪ್ರಾಯ. ಇಂಥ ನಾಲ್ಕು ಗೋಪುರಗಳಲ್ಲಿ ಉಳಿದ ಮೂರು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ.

ಪ್ರಶ್ನೆ: ಬೆಂಗಳೂರು ಮೊದಲೇ ಇತ್ತು ಎಂದಾದರೆ 1537ರಲ್ಲಿ ಕೆಂಪೇಗೌಡರು ಕಟ್ಟಿದ್ದೇನು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಹೆಸರು ಹಳೆಯದು, ಊರು ಹೊಸದು. ಕೊಡಿಗೇಹಳ್ಳಿಯ ಹತ್ತಿರ ಹಳೇಬೆಂಗಳೂರು ಎಂಬ ಹಳ್ಳಿಯಿತ್ತು, ಹೊಸ ಊರಿಗೆ ಹೆಸರು ಅಲ್ಲಿಂದ ಬಂತು ಎಂಬ ಪ್ರತೀತಿಯಿದೆ. ಅದು ಉತ್ತರಕ್ಕೆ, ಬೇಗೂರು ದಕ್ಷಿಣಕ್ಕೆ. ಹೊಸ ಪೇಟೆ ಎದ್ದದ್ದು ಇವೆರಡರ ನಡುವೆ.

ಯಲಹಂಕದ ನಾಡಪ್ರಭು ಕೆಂಪೇಗೌಡರು ವಿಜಯನಗರದ ಸಾಮಂತರು, ಆಗ ಅಲ್ಲಿ ಅಚ್ಯುತರಾಯನ ಆಳ್ವಿಕೆ. ಜಾಗ ಆರಿಸಿದ್ದಕ್ಕೆ ಮೊಲ ನಾಯಿಯನ್ನು ಅಟ್ಟಿಸಿದ ಕಥೆ ಇದೆ. ಹಂಪಿಗೂ ಅದೇ ಕಥೆ. ಆ ಕಾಲದ ಮೊಲಗಳಿಗೆ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ. ನನಗೆ ಹೆಚ್ಚು ಇಷ್ಟವಾಗುವುದು ನೇಗಿಲಿನ ಕಥೆ. ಈಗ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗದಿಂದ ನಾಲ್ಕು ಜೋಡಿ ಎತ್ತು ಕಟ್ಟಿ, ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರಂತೆ. ಸಾಲು ಬಿದ್ದಲ್ಲಿ ಬೀದಿ. ಸುತ್ತ ಮಣ್ಣಿನ ಕೋಟೆ, ಹಲಸೂರು, ಯಲಹಂಕ, ಕೆಂಗೇರಿ, ಆನೇಕಲ್ ಕಡೆಗೆ ಬಾಗಿಲುಗಳು. ಕೆ.ಆರ್. ಮಾರುಕಟ್ಟೆ ಬಳಿ ಈಗ ಕಾಣುವ ಕಲ್ಲುಕೋಟೆ ಅದಲ್ಲ, ಅದು ಹೈದರಾಲಿಯ ಕಾಲದ್ದು.

ನಿಜವಾಗಿ ಊರು ಕಟ್ಟಿದ್ದು ಕಸುಬುಗಳು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಒಂದೊಂದು ಮಾಲಿಗೆ, ಒಂದೊಂದು ಕುಲಕ್ಕೆ ಒಂದೊಂದು ಬೀದಿ. ನದಿಯಿಲ್ಲದ ಎತ್ತರದ ನೆಲದಲ್ಲಿ ಇಷ್ಟು ಜನಕ್ಕೆ ನೀರು ಬೇಡವೇ? ಅದಕ್ಕೇ ಕೆರೆಗಳು. ಕೋಟೆಗಿಂತ ನನಗೆ ದೊಡ್ಡದಾಗಿ ಕಾಣುವುದು ಅದೇ.

ತಿಪಟೂರಿನವರೇ, ಮಗಳನ್ನು ಕರೆದುಕೊಂಡು ಒಂದು ಭಾನುವಾರ ಬನ್ನಿ. ನೀವು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಯುವ ಜಾಗವೇ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಅಲ್ಲಿಂದ ಚಿಕ್ಕಪೇಟೆಗೆ ನಡೆದೇ ಹೋಗಬಹುದು. ಅವೆನ್ಯೂ ರಸ್ತೆ ಎಂದರೆ ಹಳೆಯ ದೊಡ್ಡಪೇಟೆ, ಎತ್ತುಗಳು ಹೊರಟ ಜಾಗ ಅದು ಚಿಕ್ಕಪೇಟೆಯನ್ನು ಕೂಡುವಲ್ಲಿ. ನಡುಬೀದಿಯಲ್ಲಿ ನಿಲ್ಲಬೇಡಿ, ಮೂಟೆ ಹೊತ್ತವರು “ಸೈಡು, ಸೈಡು” ಎಂದು ಕೂಗುತ್ತಾ ಬರುತ್ತಿರುತ್ತಾರೆ. ಬೇಗೂರಿಗೆ ಹೋಗುವುದಾದರೆ ಟಾರ್ಚು ಮರೆಯಬೇಡಿ.